ಹೊರಗೆ ಬನ್ನಿ, ಒಂದು ಮಾತು

ಚಳ್ಳಕೆರೆ

ನಮ್ಮ ಕಡೆ ಕೆಟ್ಟ ಸುದ್ದಿ ಹೇಳಬೇಕಾದರೆ ಮೊದಲು ಚಪ್ಪಲಿ ಮೆಟ್ಟಿಕೊಳ್ಳಬೇಕು. ಲಕ್ವ ಹೊಡೆದ ಮನುಷ್ಯ ಒಳಗೆ ಮಂಚದ ಮೇಲೆ ಮಲಗಿರುತ್ತಾನೆ. ನಾನು ಪರೀಕ್ಷೆ ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಹಿರಿಮಗನೋ ಅಳಿಯನೋ ಬಾಗಿಲಲ್ಲಿ ನಿಂತು, "ಮೇಡಂ, ಒಂದ್ನಿಮಿಷ ಹೊರಗ್ ಬರ್ರಿ" ಅನ್ನುತ್ತಾನೆ. ಬೇವಿನ ಮರದ ಕೆಳಗೋ ಬೀದಿ ನಲ್ಲಿಯ ಪಕ್ಕವೋ ನಿಂತು ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಅವನು ಕಣ್ಣೊರೆಸಿಕೊಂಡು, "ಅಪ್ಪಂಗೆ ಮಾತ್ರ ಹೇಳ್ಬ್ಯಾಡ್ರಿ" ಅನ್ನುತ್ತಾನೆ. ನಾನು ಮತ್ತೆ ಒಳಗೆ ಹೋಗಿ, "ಏನೂ ಇಲ್ಲ ಯಜಮಾನ್ರೇ, ಆರಾಮಾಗ್ತೀರಿ" ಅಂದು ಬ್ಯಾಗು ಎತ್ತಿಕೊಳ್ಳುತ್ತೇನೆ. ಇದನ್ನು ಇಲ್ಲಿ ಯಾರೂ ತಪ್ಪು ಅನ್ನುವುದಿಲ್ಲ. ಮರ್ಯಾದಸ್ಥರು ಹೀಗೇ ಮಾಡುವುದು.

ನಾನು ಸ್ಪೀಚ್ ಥೆರಪಿಸ್ಟ್. ಮಾತು ನಿಂತವರಿಗೆ ಮಾತು ಕಲಿಸುವುದು, ನುಂಗಲಾಗದವರಿಗೆ ನುಂಗುವುದು ಕಲಿಸುವುದು ನನ್ನ ಕೆಲಸ. ಜೊತೆಗೆ ಕಾಲೇಜಿನಲ್ಲಿ ಪಾಠ. ವಾರಕ್ಕೊಂದು ದಿನ ಕೊನೆಯ ವರ್ಷದ ಮಕ್ಕಳನ್ನು ಚಳ್ಳಕೆರೆ, ಮೊಳಕಾಲ್ಮೂರು ಕಡೆ ಕರೆದುಕೊಂಡು ಹೋಗಿ ರೋಗಿಗಳ ಎದುರು ಕೂರಿಸುತ್ತೇನೆ. ಪುಸ್ತಕದಲ್ಲಿ ಎಲ್ಲರೂ ಜಾಣರೇ. ಬಾಯಿ ಸೊಟ್ಟಗಾದ ಒಬ್ಬ ಮುದುಕನ ಎದುರು ಕೂತಾಗ ಅರ್ಧ ಜನರ ಜಾಣತನ ಬೆವರಾಗಿ ಇಳಿದುಹೋಗುತ್ತದೆ.

ಶಬಾನಾಳ ಜಾಣತನ ಇಳಿಯಲಿಲ್ಲ. ಬಳ್ಳಾರಿ ರಸ್ತೆಯಲ್ಲಿ ಲಾರಿ ರಿಪೇರಿ ಶೆಡ್ಡು ಇಟ್ಟುಕೊಂಡಿರುವ ಸಾಹೇಬರ ಮಗಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಮೊಳಕಾಲ್ಮೂರಿನ ರೋಗಿಗಳ ಹತ್ತಿರ ಹರಕುಮುರುಕು ತೆಲುಗು. ಆಸ್ಟ್ರೇಲಿಯಾದ ಅಡಿಲೇಡಿನ ಒಂದು ವಿಶ್ವವಿದ್ಯಾಲಯ ನಮ್ಮ ಒಬ್ಬ ವಿದ್ಯಾರ್ಥಿಯನ್ನು ಕೊನೆಯ ತರಬೇತಿಗೆ ಕರೆಸಿಕೊಳ್ಳುತ್ತೇವೆ ಅಂದಾಗ ನಾವು ಇವಳ ಹೆಸರು ಕೊಟ್ಟೆವು. ಜೊತೆಗೆ ನಾನು. ಅಲ್ಲಿನವರು "ಈಕೆ ಒಬ್ಬಳೇ ರೋಗಿಯನ್ನು ನೋಡಿಕೊಳ್ಳಬಲ್ಲಳು" ಅಂದರೆ ಪದವಿ ಕೈಗೆ ಬರುತ್ತದೆ, ಮೊಳಕಾಲ್ಮೂರಿನಲ್ಲಿ ಹೊಸದಾಗಿ ಶುರುವಾಗುವ ಕೇಂದ್ರದಲ್ಲಿ ಕೆಲಸ ಸಿಗುತ್ತದೆ. ಇಲ್ಲ ಅಂದರೆ ಒಂದು ವರ್ಷ ಹಿಂದೆ ಬೀಳುತ್ತಾಳೆ, ಆ ಜಾಗ ಬೇರೆಯವರ ಪಾಲು.

"ಹುಡುಗೀನ ನಿಮ್ ಕೈಗೆ ಕೊಟ್ಟಿದೀನಿ ಮೇಡಂ. ಪಾಸ್ ಮಾಡಿಸ್ಕೊಂಡೇ ಬರ್ರಿ" ಅಂದರು ಅವಳ ಅಪ್ಪ, ಬಸ್ಸಿನ ಕಿಟಕಿ ಹಿಡಿದುಕೊಂಡು.

"ಏನ್ ಸಾಹೇಬ್ರೇ, ಪರೀಕ್ಷೆ ಬರೆಯೋಳು ಅವಳಾ, ನಾನಾ?" ಅಂದೆ.

"ಇಬ್ರೂನೂ" ಅಂದರು. ಅವರು ನಗಲಿಲ್ಲ.

ಕಸ್ಟಮ್ಸ್ ಕಟ್ಟೆ

ಅಡಿಲೇಡಿನಲ್ಲಿ ನಮ್ಮನ್ನು ಮೊದಲು ತಡೆದದ್ದು ಕಂಬಳಿ. ಅಲ್ಲಿನ ಗುರುಗಳಿಗೆ ಕೊಡೋಣ ಅಂತ ಚಳ್ಳಕೆರೆಯಲ್ಲಿ ಒಳ್ಳೆಯ ಕರಿ ಕಂಬಳಿ ಆರಿಸಿ ತಂದಿದ್ದೆ. ಕುರಿಗಳ ದೇಶಕ್ಕೆ ಕಂಬಳಿ ಹೊತ್ತುಕೊಂಡು ಹೋದ ಬುದ್ಧಿವಂತೆ ನಾನು. ಕೈಗವಸು ಹಾಕಿಕೊಂಡ ಹೆಂಗಸೊಬ್ಬಳು ಅದನ್ನು ಮೇಜಿನ ಮೇಲೆ ಹರವಿ, ದೀಪ ಹಿಡಿದು, ಎಳೆ ಎಳೆ ನೋಡಿದಳು. ಬೀಜ, ಮಣ್ಣು, ಹುಳ ಏನಾದರೂ ಸಿಕ್ಕರೆ ಮುಗಿಯಿತು. ಕಂಬಳಿಯಲ್ಲಿ ಮಣ್ಣು ಇಲ್ಲದೆ ಹೋದರೆ ಅದು ಎಂಥ ಕಂಬಳಿ!

ಆಮೇಲೆ ಶಬಾನಾಳ ಚೀಲದಿಂದ ಶೇಂಗಾ ಚಟ್ನಿಪುಡಿ ಹೊರಬಂತು. ಡಬ್ಬಿ ತೆಗೆದು ಮೂಗಿನ ಹತ್ತಿರ ತಂದಳು ಪುಣ್ಯಾತ್ಗಿತ್ತಿ. ಸೀನಿದಳು ನೋಡಿ, ಪಕ್ಕದ ಕಟ್ಟೆಯವರೂ ತಿರುಗಿ ನೋಡಿದರು. ಕಣ್ಣಲ್ಲಿ ನೀರು ತುಂಬಿಕೊಂಡೇ ಎರಡನ್ನೂ ವಾಪಸು ಕೊಟ್ಟು, "ಹೋಗಿ, ಹೋಗಿ" ಅಂತ ಕೈ ಬೀಸಿದಳು.

ಶಬಾನಾ ನಗುತ್ತಾಳೆ ಅಂದುಕೊಂಡೆ. ಅವಳ ಮುಖ ಬಿಳಿಚಿಕೊಂಡಿತ್ತು. "ಮೇಡಂ, ಚಟ್ನಿಪುಡಿಗೇ ಇಷ್ಟು ನೋಡ್ತಾರೆ. ನನ್ನನ್ನ ಇನ್ನೆಷ್ಟು ನೋಡ್ತಾರೋ" ಅಂದಳು.

ಕ್ಲಿನಿಕ್ಕು

ಅಲ್ಲಿನ ಗುರು ಹೆಲೆನ್. ಎತ್ತರದ, ಬಾಬ್ ಕಟ್ಟಿನ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವಳು. ಒಳ್ಳೆಯವಳೇ. ಆದರೆ ನಮ್ಮ ಎದುರೇ ಡಬ್ಬಿ ಬಿಚ್ಚಿ ಒಬ್ಬಳೇ ಊಟ ಮಾಡಿದಳು, "ನಿಮ್ಮದಾಯ್ತಾ" ಅಂತ ಬಾಯಿಮಾತಿಗೂ ಕೇಳಲಿಲ್ಲ. ನಾಯಕನಹಟ್ಟಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಗೊತ್ತಿಲ್ಲದಿದ್ದರೂ ಬುತ್ತಿ ಬಿಚ್ಚಿದರೆ ಒಂದು ತುತ್ತು ಮುಂದೆ ಹಿಡಿಯುತ್ತಾರೆ. ಇಲ್ಲಿ ಬಸ್ಸಿಳಿಯುವಾಗ ಡ್ರೈವರಿಗೆ ತಪ್ಪದೆ ಥ್ಯಾಂಕ್ಸ್ ಹೇಳುವ ಜನ, ಪಕ್ಕದಲ್ಲಿ ಕೂತವರ ಕಡೆ ಮಾತ್ರ ಕಣ್ಣೆತ್ತಿ ನೋಡುವುದಿಲ್ಲ.

ಹೆಲೆನ್ ಇನ್ನೊಂದು ಕಾಟ ಕೊಟ್ಟಳು. ಎಲ್ಲರನ್ನೂ ಹೆಸರು ಹಿಡಿದು ಕರೆಯಬೇಕಂತೆ. ಶಬಾನಾ ಎರಡು ದಿನ "ಹೆಲೆನ್ ಮೇಡಂ" ಅಂದಳು. ಪ್ರತಿ ಸಲವೂ ಹೆಲೆನ್ ಮುಖ ಹುಳಿ ತಿಂದ ಹಾಗೆ ಆಗುತ್ತಿತ್ತು.

ಶಬಾನಾಳಿಗೆ ಒಪ್ಪಿಸಿದ ರೋಗಿ ಪೀಟ್. ಮರುಭೂಮಿಯ ರಸ್ತೆಯಲ್ಲಿ ಉದ್ದುದ್ದ ಲಾರಿ ಓಡಿಸಿಕೊಂಡಿದ್ದ ಮನುಷ್ಯ, ವಯಸ್ಸು ಅವಳ ತಾತನಷ್ಟು. ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು, ಗಾಲಿಕುರ್ಚಿಯಲ್ಲಿ ಬರುತ್ತಿದ್ದ. ಮಾತು ಬಾಯಿಗೆ ಬರುತ್ತಿರಲಿಲ್ಲ, ಅಪರೂಪಕ್ಕೆ ಒಂದೊಂದು ಪದ. ಅರ್ಥ ಮಾತ್ರ ಎಲ್ಲ ಆಗುತ್ತಿತ್ತು. ಶಬಾನಾ ಅವನನ್ನು "ಸರ್" ಅಂದರೆ ಹಿಂದೆ ತಿರುಗಿ ನೋಡಿ, ಅಲ್ಲಿ ಯಾರೂ ಇಲ್ಲ ಅಂತ ಕೈ ಅಲ್ಲಾಡಿಸಿ ನಗುತ್ತಿದ್ದ. ಅವನ ಹೆಂಡತಿ ಜೋನ್ ಸದಾ ಪಕ್ಕದಲ್ಲಿ.

ಒಂದು ಶುಕ್ರವಾರ ಶಬಾನಾ ಅವನ ನುಂಗುವಿಕೆ ಪರೀಕ್ಷೆ ಮಾಡಿದಳು. ಚಮಚದಲ್ಲಿ ನೀರು ಕೊಟ್ಟು, ಗಂಟಲ ಮೇಲೆ ಬೆರಳಿಟ್ಟು, ಆಮೇಲೆ "ಆ" ಅನ್ನಿಸಿದಳು. ಧ್ವನಿ ಗಳಗಳ ಅಂದಿತು. ನೀರು ಹೊಟ್ಟೆಯ ದಾರಿ ಬಿಟ್ಟು ಶ್ವಾಸದ ದಾರಿ ಹಿಡಿಯುತ್ತಿದೆ ಅಂತ ಅದರ ಅರ್ಥ. ಇನ್ನು ತಿಳಿ ನೀರು, ಚಹಾ ಕೊಡುವ ಹಾಗಿಲ್ಲ. ಪುಡಿ ಹಾಕಿ ಗಂಜಿಯ ಹಾಗೆ ಗಟ್ಟಿ ಮಾಡಿ ಕೊಡಬೇಕು. ಪರೀಕ್ಷೆ ಚೊಕ್ಕವಾಗಿ ಮಾಡಿದಳು, ನಾನು ಒಳಗೊಳಗೇ ಭಲೇ ಅಂದೆ. ಆಮೇಲೆ ಪೀಟ್ ಕಡೆ ನೋಡಿ, "ವೆರಿ ಗುಡ್ ಸರ್" ಅಂತ ನಕ್ಕು, ಜೋನ್‌ಗೆ ಕಣ್ಸನ್ನೆ ಮಾಡಿ ಕಾರಿಡಾರಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದಳು. ಚಳ್ಳಕೆರೆಯಲ್ಲಿ ನಾವು ಮಾಡುವ ಹಾಗೇ.

ಜೋನ್ ಹೆದರಿದಳು. ಮನೆಗೆ ಹೋಗಿ ಚಹಾದ ಸಾಮಾನೆಲ್ಲ ಬೀರುವಿನೊಳಗಿಟ್ಟಳು. ಗಂಡ ಸನ್ನೆ ಮಾಡಿ ಕೇಳಿದರೆ, "ಆಮೇಲೆ, ಆಮೇಲೆ" ಅಂದಳಂತೆ. ಅವನಿಗೆ ಯಾಕೆ ಅಂತ ಗೊತ್ತಿಲ್ಲ. ಭಾನುವಾರ ಅವಳು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಾಗ ಗಾಲಿಕುರ್ಚಿ ತಳ್ಳಿಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಗಟಗಟ ಕುಡಿದಿದ್ದಾನೆ. ಉಸಿರು ಸಿಕ್ಕಿಕೊಂಡು ಮುಖ ನೀಲಿ ತಿರುಗಿತಂತೆ. ಆಂಬುಲೆನ್ಸ್ ಬಂದು ಉಳಿಸಿತು.

ಸೋಮವಾರ ಹೆಲೆನ್ ನಮ್ಮಿಬ್ಬರನ್ನೂ ಕೂರಿಸಿಕೊಂಡಳು. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅವನ ಗಂಟಲಿನ ವಿಷಯ ಅವನನ್ನು ಬಿಟ್ಟು ಬೇರೆಯವರಿಗೆ ಹೇಳಿದ್ದೀರಿ" ಅಂದಳು.

ನನಗೆ ಪಿತ್ತ ನೆತ್ತಿಗೇರಿತು. "ನಮ್ಮಲ್ಲಿ ರೋಗಿಯ ಎದೆಗೆ ಕಲ್ಲು ಹಾಕುವುದಿಲ್ಲ. ಭಾರವನ್ನು ಮನೆಯವರು ಹೊರುತ್ತಾರೆ. ಅದು ಕರುಣೆ" ಅಂದೆ. ಇನ್ನೂ ಏನೇನೋ ಅಂದೆ. ಸಿಟ್ಟು ಬಂದರೆ ನನ್ನ ಇಂಗ್ಲಿಷ್ ಚೆನ್ನಾಗಿಯೇ ಓಡುತ್ತದೆ.

ಹೆಲೆನ್ ಎಲ್ಲ ಕೇಳಿಸಿಕೊಂಡಳು. "ಗಿರಿಜಾ, ಅವನು ಒಳಗೇ ಇದ್ದ. ಅವನಿಗೆ ಕಿವಿ ಕೇಳುತ್ತದೆ" ಅಂದಳು. ಆಮೇಲೆ ಶಬಾನಾ ಕಡೆ ತಿರುಗಿ, "ಕೊನೆಯ ಪರೀಕ್ಷೆಯೂ ಪೀಟ್ ಜೊತೆಗೇ, ಅವನು ಒಪ್ಪಿದರೆ. ಅವತ್ತು ಮತ್ತೆ ಹೀಗಾದರೆ ನಾನು ನಿನ್ನನ್ನು ರೋಗಿಗಳ ಹತ್ತಿರ ಒಬ್ಬಳನ್ನೇ ಕಳಿಸಲಾರೆ" ಅಂದಳು. ಶಬಾನಾ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ತಲೆ ಆಡಿಸಿದಳು.

ಪೀಟ್ ಚೇತರಿಸಿಕೊಂಡ ಮೇಲೆ ಹೆಲೆನ್ ಅವನ ಗಂಟಲಿನ ವಿಷಯ ಅವನಿಗೇ ಹೇಳಿ, ಪರೀಕ್ಷೆಗೆ ಒಪ್ಪಿಗೆ ಕೇಳಿದಳು. ಅವನು ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ಕೂತ. ಕೊನೆಗೆ, ನಮ್ಮ ಕಡೆ ನೋಡದೆಯೇ, ಎಡಗೈ ಹೆಬ್ಬೆರಳು ಎತ್ತಿದ.

ಟ್ರಾಮಿನಲ್ಲಿ

ಆಮೇಲಿನ ದಿನಗಳಲ್ಲಿ ಹುಡುಗಿ ಅನ್ನ ಬಿಟ್ಟಳು. ಕ್ಲಿನಿಕ್ಕಿಗೆ ಹೋಗುವ ಟ್ರಾಮಿನಲ್ಲಿ ಎಲ್ಲರೂ ಫೋನು ನೋಡುತ್ತಾ ಕಲ್ಲಿನ ಹಾಗೆ ಕೂತಿದ್ದರೆ, ಇವಳು ತುಟಿ ಅಲ್ಲಾಡಿಸುತ್ತಾ "ಪೀಟ್, ಪೀಟ್" ಅಂತ ಸರ್ ಇಲ್ಲದ ಹೆಸರನ್ನು ಅಭ್ಯಾಸ ಮಾಡುತ್ತಿದ್ದಳು.

"ಏ ಹುಡುಗಿ, ಜಪ ಮಾಡ್ತಿದೀಯಾ?" ಅಂದೆ.

"ನನ್ ಕೈಲಿ ಆಗಲ್ಲ ಮೇಡಂ" ಅಂದಳು. "ಅಷ್ಟು ದೊಡ್ಡೋರ ಮುಖ ನೋಡ್ಕೊಂಡು ಇಲ್ಲ ಅನ್ನೋದು ಹೆಂಗೆ? ನಮ್ಮನೇಲಿ ಅಬ್ಬಾಗೆ ಚಾ ಇಲ್ಲ ಅನ್ನಾಕೂ ಅಮ್ಮಿ ಸುತ್ತಿ ಬಳಸಿ ಹೇಳ್ತಾರೆ."

"ಇಲ್ಲಿಯವರು ಎದೆ ಗಟ್ಟಿ ಮಾಡ್ಕೊಂಡೋರು. ಅವರಿಗೆ ಹೇಳಿದರೆ ಏನೂ ಆಗಲ್ಲ. ಇಲ್ಲಿ ಹಿಂಗೆ ಮಾಡು, ಊರಿಗೆ ಹೋದ ಮೇಲೆ ನಮ್ಮ ಹಂಗೆ ಮಾಡು" ಅಂದೆ. ನನಗೆ ಅವಳು ಪಾಸಾದರೆ ಸಾಕಾಗಿತ್ತು.

ಅವಳು ಕಿಟಕಿ ಕಡೆ ನೋಡಿದಳು. "ನಮ್ ದಾದಿಗೆ, ಅಬ್ಬಾನ ಅಮ್ಮಂಗೆ, ಲಕ್ವ ಆಗಿತ್ತಲ್ಲ ಮೇಡಂ, ಅದಕ್ಕೇ ನಾನು ಈ ಕೋರ್ಸಿಗೆ ಬಂದಿದ್ದು. ಡಾಕ್ಟ್ರು ಬಂದಾಗೆಲ್ಲ ಅಬ್ಬಾ, ಚಾಚಾ ಎಲ್ಲ ಅವ್ರನ್ನ ಅಂಗಳಕ್ಕೆ ಕರ್ಕೊಂಡು ಹೋಗಿ ಗುಸುಗುಸು ಅಂತಿದ್ರು. ನಾನು ಸಣ್ಣೋಳು, ದಾದಿ ಹತ್ರ ಕೂತಿರ್ತಿದ್ದೆ. ದಾದಿ ಬಾಗಿಲನ್ನೇ ನೋಡ್ತಿದ್ರು ಮೇಡಂ. ರೆಪ್ಪೆ ಹೊಡೀತಿರಲಿಲ್ಲ."

ನಮ್ಮ ಸ್ಟಾಪು ಬಂತು, ಇಳಿದೆವು.

ಗಾಜಿನ ಈಚೆ

ಪರೀಕ್ಷೆಯ ಕೋಣೆಗೆ ಒಂದು ದೊಡ್ಡ ಗಾಜು. ಒಳಗಿನವರಿಗೆ ಅದು ಕನ್ನಡಿ. ಹಿಂದಿನ ಕತ್ತಲೆ ಕೋಣೆಯಲ್ಲಿ ಕೂತ ನಮಗೆ ಎಲ್ಲ ಕಾಣುತ್ತದೆ. ಮಾತು ಸ್ಪೀಕರಿನಲ್ಲಿ ಕೇಳುತ್ತದೆ. ಹೆಲೆನ್ ಮಡಿಲಲ್ಲಿ ಹಾಳೆ ಇಟ್ಟುಕೊಂಡು ಕೂತಳು. ಪಕ್ಕದಲ್ಲಿ ನಾನು. ಸ್ವಂತ ಪರೀಕ್ಷೆಗೂ ನಾನು ಹೀಗೆ ಹೆದರಿದವಳಲ್ಲ.

ಪೀಟ್ ಅವತ್ತು ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಇವತ್ತು ಚಹಾ ಕುಡಿಯಬಹುದು ಅನ್ನುತ್ತಾರೆ ಅಂತ ಅವನ ಆಸೆ. ಶಬಾನಾ ನೀರಿನ ಚಮಚ ಕೊಟ್ಟಳು. "ಆ" ಅನ್ನಿಸಿದಳು. ಸ್ಪೀಕರಿನಲ್ಲಿ ನನಗೂ ಕೇಳಿಸಿತು, ಮತ್ತೆ ಅದೇ ಗಳಗಳ. ಇನ್ನೊಮ್ಮೆ ಮಾಡಿದಳು. ಅದೇ.

ಅವಳು ಬಾಯಿ ತೆರೆಯುವ ಮೊದಲೇ ಜೋನ್ ಎದ್ದಳು. ಗಂಡನ ಆ ಧ್ವನಿ ಅವಳಿಗೂ ಅರ್ಥವಾಗಿತ್ತು ಅಂತ ಕಾಣುತ್ತದೆ. ಬಂದು ಶಬಾನಾಳ ತೋಳು ಹಿಡಿದು ಮೆಲ್ಲಗೆ ಹೇಳಿದಳು, "ಬಾ ಮಗು, ಹೊರಗೆ ಬಾ. ಮೊದಲು ನನಗೆ ಹೇಳು. ಅವನಿಗೆ ಹೇಳಬೇಡ, ಮುರಿದುಹೋಗುತ್ತಾನೆ."

ನಾನು ಬೆಚ್ಚಿಬಿದ್ದೆ. ಇದೇ ಮಾತನ್ನು ಬಿ.ಜಿ. ಕೆರೆಯಲ್ಲಿ, ರಾಂಪುರದಲ್ಲಿ, ಎಷ್ಟು ಬಾಗಿಲಲ್ಲಿ ಕೇಳಿಲ್ಲ ನಾನು! ಇಲ್ಲಿಯವರ ಎದೆ ಗಟ್ಟಿ ಅಂದಿದ್ದೆನಲ್ಲ, ಅಯ್ಯೋ ನನ್ನ ತಿಳುವಳಿಕೆಗಿಷ್ಟು.

ಶಬಾನಾ ಜೋನ್ ಮುಖ ನೋಡಿದಳು. ಅಜ್ಜಿಯ ವಯಸ್ಸಿನವಳು, ಕಣ್ಣಲ್ಲಿ ನೀರು. ಬೇಡ ಅನ್ನಲು ನಮ್ಮ ಹುಡುಗಿಗೆ ಬಾಯಿ ಎಲ್ಲಿ ಬರಬೇಕು? ಹೋದಳು. ಜೋನ್ ಹಿಂದೆ ಬಾಗಿಲು ದಾಟಿ ಹೊರಗೆ ಹೋಗೇಬಿಟ್ಟಳು. ಕೋಣೆಯಲ್ಲಿ ಪೀಟ್ ಒಬ್ಬನೇ. ಅವನು ಬಾಗಿಲನ್ನೇ ನೋಡುತ್ತಿದ್ದ.

ಹೆಲೆನ್ ಉಸಿರು ಬಿಟ್ಟು ಪೆನ್ನು ಕೈಗೆತ್ತಿಕೊಂಡಳು. ನನಗೆ ಬಳ್ಳಾರಿ ರಸ್ತೆಯ ಶೆಡ್ಡು ಕಣ್ಣ ಮುಂದೆ ಬಂತು. ಸಾಹೇಬರಿಗೆ ಯಾವ ಮುಖ ಇಟ್ಟುಕೊಂಡು ಏನು ಹೇಳಲಿ? ಗಾಜು ಬಡಿದು "ಲೇ ಶಬಾನಾ, ವಾಪಸ್ ಬಾರೇ" ಅಂತ ಕೂಗಬೇಕು ಅನ್ನಿಸಿತು. ಕೂಗುವ ಹಾಗಿರಲಿಲ್ಲ.

ಬಾಗಿಲು ತೆರೆಯಿತು. ಶಬಾನಾ ಒಳಗೆ ಬಂದಳು, ಬಾಗಿ ಗಾಲಿಕುರ್ಚಿಯ ಬ್ರೇಕು ಬಿಚ್ಚಿದಳು, ಪೀಟ್‌ನನ್ನು ತಳ್ಳಿಕೊಂಡು ಹೊರಗೆ ಹೋದಳು. ಬಾಗಿಲು ಮುಚ್ಚಿತು. ನಮ್ಮೆದುರು ಖಾಲಿ ಕೋಣೆ, ಸ್ಪೀಕರಿನಲ್ಲಿ ಬರೀ ಗುಂಯ್ ಅನ್ನುವ ಸದ್ದು. ಹೆಲೆನ್ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರೂ ಎದ್ದು ಓಡಿದೆವು.

ಕಾರಿಡಾರಿನ ಕೊನೆಗೆ ಒಂದು ಚಿಕ್ಕ ವೆರಾಂಡ. ಅಲ್ಲಿದ್ದರು ಮೂವರೂ. ಜೋನ್ ಬೆಂಚಿನ ಮೇಲೆ, ಎದುರಿಗೆ ಪೀಟ್. ಅವನ ಮುಂದೆ ಶಬಾನಾ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಜೋನ್ ಕೈ ಹಿಡಿದುಕೊಂಡಿದ್ದಳು. ನಾವು ಬಾಗಿಲ ಹಿಂದೆಯೇ ನಿಂತೆವು.

"ಪೀಟ್" ಅಂದಳು. ಸರ್ ಇಲ್ಲ. "ಜೋನ್ ಹೊರಗೆ ಮಾತಾಡೋಣ ಅಂದರು. ನಿಮ್ಮ ವಿಷಯ, ಅದಕ್ಕೆ ನಿಮ್ಮನ್ನೂ ಕರೆದುಕೊಂಡು ಬಂದೆ. ನೀರು ಇವತ್ತೂ ದಾರಿ ತಪ್ಪಿ ಹೋಗುತ್ತಿದೆ."

ಅವನು ಎಡಗೈಯಲ್ಲಿ ಕಪ್ಪು ಹಿಡಿದ ಹಾಗೆ ಮಾಡಿ ತುಟಿಗೆ ತಂದು, ಹುಬ್ಬು ಏರಿಸಿದ.

"ಇಲ್ಲ" ಅಂದಳು ಶಬಾನಾ. ಅವಳ ಧ್ವನಿ ಸಣ್ಣದಾಗಿತ್ತು, ಆದರೆ ಒಡೆಯಲಿಲ್ಲ.

ಅವನು ಕುರ್ಚಿಯ ಕೈಯನ್ನು ಫಟ್ಟನೆ ಹೊಡೆದ. ಜೋನ್ ಏನೋ ಹೇಳಲು ಹೊರಟಳು. ಶಬಾನಾ ಅವಳ ಕೈ ಅದುಮಿ ತಡೆದಳು. ಯಾರೂ ಮಾತಾಡಲಿಲ್ಲ. ಅಂಥ ಮೌನವನ್ನು ನಮ್ಮ ಕಡೆಯವರು ತಡೆದುಕೊಳ್ಳುವುದಿಲ್ಲ, ಕಾಫಿ ತರ್ತೀನಿ ಅಂತಲಾದರೂ ಎದ್ದು ಹೋಗುತ್ತೇವೆ. ನನ್ನ ನಾಲಿಗೆ ತುದಿಗೆ "ಆರಾಮಾಗ್ತೀರಿ" ಬಂದು ಕೂತಿತ್ತು. ಹಲ್ಲು ಕಚ್ಚಿ ಹಿಡಿದೆ. ಶಬಾನಾ ಕದಲಲಿಲ್ಲ. ಅವನ ಬಾಯಿ ಸೊಟ್ಟಗಾಗಿ, ಪದ ಹುಡುಕಿ, ಬಿಟ್ಟು, ಮತ್ತೆ ಹುಡುಕಿತು.

"ಯಾ...ವಾಗ?" ಅಂದ.

"ಗೊತ್ತಿಲ್ಲ ಪೀಟ್. ದಿನಾ ಅಭ್ಯಾಸ ಮಾಡಿಸ್ತಾರೆ, ಮತ್ತೆ ಪರೀಕ್ಷೆ ಮಾಡ್ತಾರೆ. ಸುಳ್ಳು ದಿನಾಂಕ ನಾನು ಹೇಳಲ್ಲ."

ಆಗ ಅವನು ಅತ್ತ. ಆ ಗಾತ್ರದ ಮನುಷ್ಯ ಅಳುವುದನ್ನು ನೋಡಲಾಗಲಿಲ್ಲ. ಜೋನ್ ಅವನ ಎದೆಗೆ ಬಿದ್ದಳು, ಅವನು ಎಡಗೈಯಿಂದ ಅವಳ ಬೆನ್ನು ಸವರಿದ. ಲಕ್ವ ಹೊಡೆದ ಮೇಲೆ ಇಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು ಅಂತ ಜೋನ್ ಆಮೇಲೆ ಹೇಳಿದಳು.

ಹೆಲೆನ್ ಸಂಜೆಯವರೆಗೂ ಫಲಿತಾಂಶ ಹೇಳಲಿಲ್ಲ. ಪರೀಕ್ಷಕರ ಕಣ್ಣು ತಪ್ಪಿಸಿ ರೋಗಿಯನ್ನು ಹೊರಗೆ ಒಯ್ಯುವುದು ನಿಯಮಕ್ಕೆ ವಿರುದ್ಧ. ಅದನ್ನು ಬೇರೆಯವರ ಜೊತೆ ಚರ್ಚೆ ಮಾಡಬೇಕು ಅಂದಳು. ಶಬಾನಾ ಮೆಟ್ಟಿಲ ಮೇಲೆ ಕೂತು ಉಗುರು ಕಚ್ಚಿದಳು. ನಾನು ಅವಳಿಗೆ ಬೈದೆ, ಆಮೇಲೆ ತಲೆ ಸವರಿದೆ, ಮತ್ತೆ ಬೈದೆ. ಕೊನೆಗೆ ಹೆಲೆನ್ ಬಂದು ನನ್ನನ್ನು ದಾಟಿ ನೇರ ಅವಳ ಮುಂದೆ ನಿಂತು, "ನೀನು ತಯಾರಾಗಿದ್ದೀಯ" ಅಂದಳು.

ಊರಿಗೆ ಫೋನು ಹಚ್ಚಿದೆವು. "ಹೋ ಗಯಾ ಅಬ್ಬಾ, ಪಾಸಾದೆ" ಅಂದಳು ಹುಡುಗಿ. ಆ ಕಡೆಯಿಂದ ಸ್ಪಾನರು ಕೆಳಗೆ ಬಿದ್ದ ಸದ್ದು ಮಾತ್ರ ಕೇಳಿಸಿತು.

ಮೊಳಕಾಲ್ಮೂರು

ಶಬಾನಾ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಅವಳ ಜೊತೆ ಒಂದು ಮನೆಗೆ ಹೋಗಿದ್ದೆ. ನಿಜ ಹೇಳಬೇಕೆಂದರೆ, ಅಲ್ಲಿ ಕಲಿತದ್ದು ಇಲ್ಲಿ ನಡೆಯುವುದಿಲ್ಲ ಅಂತಲೇ ನನ್ನ ಲೆಕ್ಕ. ಆ ಮನೆಯ ಯಜಮಾನರು ರಾಂಪುರದ ಸಂತೆಯಲ್ಲಿ ಹರಾಜು ಕೂಗುತ್ತಿದ್ದವರು. ಲಕ್ವ ಹೊಡೆದು ನಾಲಿಗೆ ದಪ್ಪಗಾಗಿತ್ತು, ಒಂದೊಂದು ಮಾತೂ ತೊದಲಿ ತೊದಲಿ ಹೊರಗೆ ಬರಬೇಕು. ಶಬಾನಾ ಅವರ ಬಾಯಿ, ನಾಲಿಗೆ, ಉಸಿರು ಎಲ್ಲ ನೋಡಿದಳು.

ಮಗ ಬಾಗಿಲಲ್ಲಿ ನಿಂತ. "ಮೇಡಂ, ಒಂದ್ನಿಮಿಷ ಹೊರಗ್ ಬರ್ರಿ. ಒಂದ್ ಮಾತೈತೆ."

ಶಬಾನಾ ಏಳಲಿಲ್ಲ. ಎದ್ದವಳು ನಾನು, ಅಭ್ಯಾಸಬಲ. ಅವಳು ಮುದುಕರ ಕೈ ಹಿಡಿದುಕೊಂಡು, "ತಾತ, ನಿಮ್ ಮಗ ಹೊರಗ್ ಕರೀತಾರೆ. ನಾನು ಇಲ್ಲೇ ಹೇಳ್ಲಾ?" ಅಂದಳು.

"ಅಪ್ಪನ ಮುಂದ್ ಬ್ಯಾಡ್ರಿ ಮೇಡಂ, ನಿಮ್ ಕೈ ಮುಗೀತೀನಿ" ಅಂದ ಮಗ. ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡ.

ಮುದುಕರು ಶಬಾನಾ ಕಡೆ ನೋಡಿ, ಇಲ್ಲೇ ಹೇಳು ಅನ್ನುವ ಹಾಗೆ ಹೂಂ ಅಂತ ತಲೆ ಅಲ್ಲಾಡಿಸಿದರು.

"ಮಾತು ಇನ್ನೂ ಸ್ವಲ್ಪ ತಿಳಿಯಾಗ್ತೈತೆ ತಾತ, ಅದಕ್ಕೆ ನಾನು ಬರ್ತೀನಿ. ಆದ್ರೆ ಹರಾಜು ಕೂಗಾಕೆ ಇನ್ನ ಆಗಲ್ಲ."

ಮುದುಕರು ಅವಳನ್ನೇ ನೋಡಿದರು. ತುಟಿ ಅಲ್ಲಾಡಿತು. ಮಗ ಅವರ ಮಾತು ತಾನೇ ಪೂರ್ತಿ ಮಾಡಲು ಬಾಯಿ ತೆರೆದ. ಶಬಾನಾ ಕೈ ಎತ್ತಿ ತಡೆದಳು. ನಾನು ಮತ್ತೆ ಕೂತುಕೊಂಡೆ. ಕಾದೆವು.

"ನಂಗೆ... ಗೊತ್ತೈತವ್ವ" ಅಂದರು ಅವರು, ಒಂದೊಂದೇ ಮಾತು ಎತ್ತಿ ಇಡುತ್ತಾ. ಆಮೇಲೆ ಬಾಗಿಲ ಕಡೆ ನೋಡಿದರು. "ಇವ್ನಿಗೆ... ನಿಧಾನಕ್ ಹೇಳು. ಇವ್ನು ತಡಕಳಲ್ಲ."